ರಸ್ತೆ ಕಾಯಲು ಹೋಗಿ ಮಣ್ಣಿನ ಗುಂಡಿ ಕಾಯ್ದೆ

ಬಳ್ಳಾರಿ ಸೀಮೆಯ ಒಂದು ರಸ್ತೆ ಅಗಲ ಮಾಡುವಾಗ ಮೂರು ತಿಂಗಳು ಹಿಟಾಚಿಯ ಹಿಂದೆ ನಿಂತಿದ್ದೆ. ಅಗೆಯುವಾಗ ಹಳೆಯ ಕಾಲದ್ದೇನಾದರೂ ಕಂಡರೆ ಯಂತ್ರ ನಿಲ್ಲಿಸಿ ದಾಖಲೆ ಮಾಡುವುದು ನನ್ನ ಕೆಲಸ.

ಮೊದಲ ದಿನವೇ ಹಲ್ಲಿಲ್ಲದ ಬಕೆಟ್ ಹಾಕಿಸಿ ಅಂದೆ. ಹಲ್ಲಿನ ಬಕೆಟ್ ನೆಲವನ್ನು ಉತ್ತಂತೆ ಮಾಡುತ್ತದೆ, ಮಣ್ಣಿನ ಬಣ್ಣ ಬದಲಾದದ್ದು ಕಾಣುವುದಿಲ್ಲ. ಮೇಸ್ತ್ರಿ ನಕ್ಕರು, ಆದರೂ ಹಾಕಿಸಿದರು. ಎರಡು ವಾರ ಸಿಕ್ಕಿದ್ದು ಹಳೆ ಡಾಂಬರು, ಬಾಟಲಿ ಚೂರು ಅಷ್ಟೇ. ರಸ್ತೆ ಪಕ್ಕದ ನೆಲವನ್ನು ಎಷ್ಟೋ ಸಲ ಕೆದಕಿರುತ್ತಾರೆ, ಅಲ್ವಾ?

ಒಂದು ಮಧ್ಯಾಹ್ನ ಟಿಪ್ಪರ್ ಸುರಿದ ಮಣ್ಣು ಬೂದಿ ಬಣ್ಣಕ್ಕಿತ್ತು. ನಡುವೆ ಗಾಜಿನಂತೆ ಕರಗಿ ಗಟ್ಟಿಯಾದ, ತೂತು ತೂತಿನ ಹೆಂಟೆಗಳು. ಎದೆ ಧಸಕ್ ಎಂದಿತು. ಇದು ಬೂದಿ ದಿಬ್ಬದ ಮಣ್ಣು! ನವಶಿಲಾಯುಗದ ದನಗಾಹಿಗಳು ಸಗಣಿ ಒಟ್ಟಿ ಸುಟ್ಟ ರಾಶಿ. ಬಳ್ಳಾರಿ–ಹೊಸಪೇಟೆ ರಸ್ತೆಯ ಕುಡತಿನಿಯಲ್ಲಿ ಇಂಥದ್ದೇ ಇದೆ. 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಅವರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥ ದಿಬ್ಬ ಅಗೆದಾಗ ಬೂದಿಯಲ್ಲಿ ದನದ ಗೊರಸಿನ ಗುರುತೇ ಸಿಕ್ಕಿತ್ತು.

ಬೈಕ್ ಹತ್ತಿ ಮಣ್ಣು ತಂದ ಜಾಗಕ್ಕೆ ಹೋದೆ. ರಸ್ತೆಯ ಏರಿಗೆ ಮಣ್ಣು ಬೇಕೆಂದು ದೂರದ ಹೊಲದಲ್ಲಿ ಗುಂಡಿ ತೋಡಿದ್ದರು. ನನ್ನ ನಕ್ಷೆಯಲ್ಲಿ ರಸ್ತೆ ಇತ್ತು, ಈ ಗುಂಡಿ ಇರಲಿಲ್ಲ. ಸಂರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರ್ ಒಳಗೆ ಕಾಮಗಾರಿ ನಿಷೇಧ, ಅದರಾಚೆ 200 ಮೀಟರಿಗೆ ಅನುಮತಿ ಬೇಕು. ಈ ದಿಬ್ಬ ಯಾವ ಪಟ್ಟಿಯಲ್ಲೂ ಇಲ್ಲ. ಹೊಲದ ಯಜಮಾನರಿಗೆ ಅದು ರಾಕ್ಷಸರನ್ನು ಸುಟ್ಟ ಬೂದಿ, ಒಳ್ಳೇ ಗೊಬ್ಬರ ಕೂಡ.

ಕಾಡಿ ಬೇಡಿ ಎರಡು ದಿನ ಕೆಲಸ ನಿಲ್ಲಿಸಿದೆ. ಗುಂಡಿಯ ಗೋಡೆಯನ್ನು ಕುರ್ಪಿಯಿಂದ ಕೆರೆದು, ಔಷಧಿ ಹೊಡೆಯುವ ಪಂಪಿನಿಂದ ನೀರು ಸಿಂಪಡಿಸಿದೆ. ಒದ್ದೆಯಾದರೆ ಪದರಗಳು ಎದ್ದು ಕಾಣುತ್ತವೆ. ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಪದರ ಬರೆದು, ಬೂದು ಮಡಕೆಯ ಚೂರುಗಳನ್ನು ಪದರದ ನಂಬರ್ ಹಾಕಿ ಚೀಲಕ್ಕೆ ತುಂಬಿದೆ. ಅಷ್ಟರಲ್ಲಿ ಅರ್ಧ ದಿಬ್ಬ ರೋಲರ್ ಅಡಿ ಸೇರಿತ್ತು.

"ಬಕೆಟ್ ಸದ್ದು ಬದಲಾಗಿದ್ದು ನಿನ್ನೆನೇ ಗೊತ್ತಾಯ್ತು ಸರ್, ಯಾರಿಗೆ ಹೇಳೋದು?" ಅಂದ ಹಿಟಾಚಿ ಡ್ರೈವರ್. ಆಮೇಲೆ ಎಲ್ಲ ಡ್ರೈವರುಗಳಿಗೂ ನನ್ನ ನಂಬರ್ ಕೊಟ್ಟೆ. ಮೊದಲ ಫೋನಿಗೆ ಓಡಿದರೆ ಒಡೆದ ಮಂಗಳೂರು ಹೆಂಚು. ಬೈಯದೆ ಟೀ ಕುಡಿಸಿ ಬಂದೆ. ಎರಡನೇ ಫೋನಿಗೆ ನುಣ್ಣಗೆ ಉಜ್ಜಿದ ಕಲ್ಲಿನ ಕೊಡಲಿ ಸಿಕ್ಕಿತು. ಫೋನ್ ಮಾಡಿದ ಡ್ರೈವರ್ ಮೂರು ದಿನದಿಂದ ಅದರಲ್ಲೇ ಬೋಲ್ಟ್ ಕುಟ್ಟುತ್ತಿದ್ದನಂತೆ.