ಪೋಕರ್ ಕಲಿಯೋಕೆ ಸಾಲ್ವರ್ ಬೇಕಾ? ನಾನು ಕಲಿಸಿದ್ದು ಮೂರು ಎಲೆಯಿಂದ

ಪೋಕರ್ ಆಟವನ್ನು ಲೆಕ್ಕ ಹಾಕಿ ಬಿಡಿಸುವ ಸಾಫ್ಟ್‌ವೇರಾದ ಸಾಲ್ವರ್ ಅಂದರೆ ಮೂಗು ಮುರಿಯುವ ಹಳೇ ಆಟಗಾರರ ಪೈಕಿ ನಾನಲ್ಲ. ಅಂಥದ್ದರಲ್ಲೊಂದಾದ ಪೈಯೋಸಾಲ್ವರನ್ನು ವರ್ಷಗಳಿಂದ ಬಳಸುತ್ತಿದ್ದೇನೆ, ಈಗಲೂ ಬಿಟ್ಟಿಲ್ಲ. ಆದರೂ ಆಟಕ್ಕೆ ಹೊಸಬರು ಯಾರಾದರೂ "ಯಾವ ಸಾಲ್ವರ್ ಹಾಕಿಕೊಳ್ಳಲಿ?" ಅಂತ ಕೇಳಿದರೆ, ಮೊದಲು ಒಂದು ಇಸ್ಪೀಟ್ ಕಟ್ಟು ತನ್ನಿ ಅನ್ನುತ್ತೇನೆ. ಅದರಲ್ಲೂ ಬೇಕಾಗುವುದು ಮೂರೇ ಎಲೆ.

ಸಾಲ್ವರ್ ಮಾಡುವ ಕೆಲಸ ಇಷ್ಟು. ಇಬ್ಬರ ಕೈಯಲ್ಲೂ ಯಾವ್ಯಾವ ಎಲೆ ಇರಬಹುದು, ಪಾಟ್‌ನಲ್ಲಿ (ನಡುವೆ ಕೂಡಿದ ರಾಶಿಯಲ್ಲಿ) ಎಷ್ಟಿದೆ, ಎಷ್ಟೆಷ್ಟು ಬೆಟ್ ಕಟ್ಟಬಹುದು ಅನ್ನುವುದನ್ನೆಲ್ಲ ನಾವು ತುಂಬಿಕೊಡಬೇಕು. ಅದು ಎರಡೂ ಕಡೆಯಿಂದ ತಾನೇ ಆಡುತ್ತಾ, ಇಬ್ಬರಲ್ಲಿ ಯಾರು ಆಟ ಬದಲಿಸಿದರೂ ಹೆಚ್ಚಿನ ಲಾಭವಿಲ್ಲ ಅನ್ನುವ ಹಂತಕ್ಕೆ ಹತ್ತಿರ ಹತ್ತಿರ ಬಂದು ನಿಲ್ಲುತ್ತದೆ. ಉತ್ತರ ಬರುವುದು, ಕೈಗೆ ಬರುವ ಎರಡೆಲೆಯ ಒಂದೊಂದು ಬಗೆಗೂ ಒಂದರಂತೆ, 169 ಚೌಕದ ಬಣ್ಣಬಣ್ಣದ ಪಟ್ಟಿಯಾಗಿ. ಒಂದು ಚೌಕದಲ್ಲಿ ಶೇ 40 ರೇಸ್ (ಬೆಟ್ ಏರಿಸುವುದು), ಶೇ 60 ಫೋಲ್ಡ್ (ಎಲೆ ಬಿಟ್ಟು ಹಿಂದೆ ಸರಿಯುವುದು) ಅಂತ ಇರುತ್ತದೆ. ನನ್ನ ಅಕ್ಕನ ಮಗ ಇಂಥ ಚೌಕಗಳನ್ನೇ ಬಾಯಿಪಾಠ ಮಾಡುತ್ತಾ ಕೂತಿದ್ದ. "ಮಾವ, ಇದು ನಲವತ್ತಾ, ನಲವತ್ತೈದಾ ಅಂತ ನೆನಪೇ ಉಳಿಯಲ್ಲ" ಅಂತ ಗೋಳು ಬೇರೆ.

ಅವನಿಗೆ ಯಾರೂ ಹೇಳಿರದ ವಿಷಯ ಏನೆಂದರೆ, ಸಾಲ್ವರ್ ಎರಡು ಬಣ್ಣ ಬೆರೆಸಿ ತೋರಿಸಿದ ಕಡೆ ಎರಡೂ ಆಯ್ಕೆಯ ಬೆಲೆ ಒಂದೇ. ರೇಸ್ ಮಾಡಿದರೂ ಫೋಲ್ಡ್ ಮಾಡಿದರೂ ಸರಾಸರಿ ಲಾಭದಲ್ಲಿ ವ್ಯತ್ಯಾಸವಿಲ್ಲದ್ದಕ್ಕೇ ಅದು ಬೆರೆಸಿರುವುದು. ಅಂದರೆ ಹೊಸಬ ತಲೆ ಕೆಡಿಸಿಕೊಳ್ಳುವ ಜಾಗ, ತಪ್ಪಿದರೆ ತೀರಾ ಕಡಿಮೆ ನಷ್ಟವಾಗುವ ಜಾಗ. ಅವನು ನಿಜವಾಗಿ ಸೋಲುವುದು ಬೇರೆ ಕಡೆ: ಸಿಕ್ಕಸಿಕ್ಕ ಎಲೆ ಹಿಡಿದು ಆಟಕ್ಕಿಳಿಯುವುದು, ಒಂದು ಜೋಡಿ ಕೈಗೆ ಬಂದರೆ ಕೊನೆಯವರೆಗೂ ಬಿಡದಿರುವುದು. ಅದನ್ನು ಸರಿ ಮಾಡಲು ಯಾವ ಸಾಫ್ಟ್‌ವೇರೂ ಬೇಕಿಲ್ಲ.

ಹಾಗಾಗಿ ಲ್ಯಾಪ್‌ಟಾಪ್ ಮುಚ್ಚಿಸಿ, ಡಬ್ಬಿಯಿಂದ ಹುಣಸೆ ಬೀಜ ತೆಗೆದು ಕೂತೆವು. ರಾಜ, ರಾಣಿ, ಗುಲಾಮ, ಮೂರೇ ಎಲೆ. ಇಬ್ಬರೂ ಒಂದೊಂದು ಬೀಜ ಹಾಕಬೇಕು, ಒಂದೊಂದು ಎಲೆ ತೆಗೆದುಕೊಳ್ಳಬೇಕು, ಮೂರನೆಯದು ಮುಚ್ಚಿಯೇ ಇರುತ್ತದೆ. ಬೆಟ್ ಅಂದರೆ ಒಂದೇ ಒಂದು ಬೀಜ, ಅದರ ಮೇಲೆ ರೇಸ್ ಇಲ್ಲ. ದೊಡ್ಡ ಎಲೆಗೆ ಗೆಲುವು. ಇದನ್ನು 1950ರಲ್ಲಿ ಹೆರಾಲ್ಡ್ ಕೂನ್ ಎಂಬ ಗಣಿತಜ್ಞ ಪೋಕರಿನ ಸರಳ ಮಾದರಿಯಾಗಿ ಕೊಟ್ಟದ್ದು. ಕಾಗದದ ಮೇಲೇ ಪೂರ್ತಿ ಬಿಡಿಸಬಹುದು.

ನಾನು ಎರಡನೆಯವನು, ಅವನು ಚೆಕ್ ಮಾಡಿದ, ಅಂದರೆ ಬೆಟ್ ಕಟ್ಟದೆ ಸರದಿ ದಾಟಿಸಿದ, ಅಂತಿಟ್ಟುಕೊಳ್ಳಿ. ರಾಜ ಇದ್ದರೆ ಬೆಟ್ ಕಟ್ಟುವುದರಲ್ಲಿ ಯೋಚನೆಯೇ ಇಲ್ಲ. ರಾಣಿ ಇದ್ದರೆ ಸುಮ್ಮನೆ ಚೆಕ್, ಯಾಕೆಂದರೆ ಗುಲಾಮ ಹೇಗೂ ಫೋಲ್ಡ್ ಆಗುತ್ತಾನೆ, ರಾಜ ಹೇಗೂ ಕಾಲ್ ಮಾಡುತ್ತಾನೆ (ಅಷ್ಟೇ ಬೀಜ ಹಾಕಿ ಎಲೆ ತೋರಿಸು ಅನ್ನುತ್ತಾನೆ). ಗುಲಾಮ ಬಂದಾಗ ಮಾತ್ರ ಪ್ರಶ್ನೆ: ಎಷ್ಟು ಸಲ ಬ್ಲಫ್ ಮಾಡಬೇಕು, ಅಂದರೆ ಸೋಲುವ ಎಲೆ ಹಿಡಿದೂ ಬೆಟ್ ಕಟ್ಟಬೇಕು? ಈಗ ಅವನ ಕೈಯಲ್ಲಿ ರಾಣಿ ಇದೆ ಅನ್ನೋಣ. ಪಾಟ್‌ನಲ್ಲಿ ಎರಡು ಬೀಜ, ನನ್ನ ಬೆಟ್ ಒಂದು, ಒಟ್ಟು ಮೂರು. ಅವನು ಒಂದು ಬೀಜ ಹಾಕಿ ಮೂರನ್ನು ಗೆಲ್ಲಬಹುದು. ನಾಲ್ಕರಲ್ಲಿ ಒಂದು ಸಲ ಗೆದ್ದರೂ ಅಸಲಿಗೆ ಮೋಸವಿಲ್ಲ. ನಾನು ಗುಲಾಮನ ಜೊತೆ ಮೂರರಲ್ಲಿ ಒಂದು ಸಲ ಬ್ಲಫ್ ಮಾಡಿದರೆ, ನನ್ನ ನಾಲ್ಕು ಬೆಟ್‌ಗಳಲ್ಲಿ ಮೂರು ರಾಜನದ್ದು, ಒಂದು ಗುಲಾಮನದ್ದು. ಅವನು ಕಾಲ್ ಮಾಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಅವನನ್ನು ಕಟ್ಟಿಹಾಕಿದ ಹಾಗಾಯಿತು. ದೊಡ್ಡ ಸಾಲ್ವರ್ ಗಿಗಾಬೈಟುಗಟ್ಟಲೆ ಮೆಮೊರಿ ತಿಂದು ಹುಡುಕುವುದೂ ಇಂಥ ಸಮತೋಲವನ್ನೇ.

ಇಷ್ಟು ವಿವರಿಸಿದ ಮೇಲೂ ಅವನು ರಾಣಿ ಬಂದಾಗಲೆಲ್ಲ ಕಾಲ್ ಮಾಡುತ್ತಲೇ ಹೋದ. ನಾನು ಏನೂ ಹೇಳದೆ ಗುಲಾಮನ ಬ್ಲಫ್ ಪೂರ್ತಿ ನಿಲ್ಲಿಸಿದೆ. ರಾಜ ಬಂದರೆ ಮಾತ್ರ ಬೆಟ್. ಅವನ ಬೀಜ ಕರಗುತ್ತಾ ಬಂತು. "ಆದರೆ ಮೂರರಲ್ಲಿ ಒಂದು ಬ್ಲಫ್ ಅಂದ್ರಲ್ಲ?" ಅಂತ ಅವನೇ ಕೇಳಿದ. ನೀನು ಬಿಡೋದೇ ಇಲ್ಲ ಅಂತ ಗೊತ್ತಾದ ಮೇಲೆ ನಾನ್ಯಾಕೆ ಬ್ಲಫ್ ಮಾಡಲಿ ಮಾರಾಯ ಅಂದೆ. ಅಲ್ಲಿಗೆ ಅವನಿಗೆ ವಿಷಯ ಹೊಳೆಯಿತು. ಸಾಲ್ವರ್ ಕೊಡುವುದು ಎದುರಾಳಿಯೂ ಸಾಲ್ವರಿನಷ್ಟೇ ಚೆನ್ನಾಗಿ ಆಡಿದರೆ ಏನು ಮಾಡಬೇಕು ಅನ್ನುವುದಕ್ಕೆ ಉತ್ತರ. ಎದುರಿಗೆ ಕೂತವನು ಹಾಗೆ ಆಡುತ್ತಿಲ್ಲವಾದರೆ ಆ ಉತ್ತರ ನಿಮ್ಮನ್ನು ಕಾಪಾಡೀತು, ಆದರೆ ಸಿಗಬೇಕಾದಷ್ಟು ಗೆಲ್ಲಿಸದು.

ನಿಜವಾದ ಹೋಲ್ಡೆಮ್‌ನಲ್ಲಿ (ಕೈಯಲ್ಲಿ ಎರಡು, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆಯ ಪೋಕರ್) ಇದೇ ಲೆಕ್ಕ ದೊಡ್ಡದಾಗುತ್ತದೆ. ಕೊನೆಯ ಎಲೆಯೂ ಬಿದ್ದಿದೆ, ನಿಮ್ಮ ಫ್ಲಶ್ (ಒಂದೇ ಜಾತಿಯ ಐದು ಎಲೆ) ತಪ್ಪಿದೆ, ಪಾಟ್ 100. ನೀವು 100ರ ಬ್ಲಫ್ ಕಟ್ಟಿದರೆ ಎದುರಾಳಿ ಅರ್ಧ ಸಲ ಬಿಡಬೇಕು, ಆಗಷ್ಟೇ ಲೆಕ್ಕ ಸರಿಸಮ. ಐದರಲ್ಲಿ ನಾಲ್ಕು ಸಲ ಕಾಲ್ ಮಾಡುವ ಗೆಳೆಯನ ಎದುರು ಇದೇ ಬ್ಲಫ್ ಪ್ರತಿ ಸಲ ಸರಾಸರಿ 60 ಕಳೆಸುತ್ತದೆ. ಪುಸ್ತಕದ ಪ್ರಕಾರ ಸರಿಯಾದ ಬ್ಲಫ್, ಮನೆಯಾಟದಲ್ಲಿ ದಂಡ.

ಇದು ಅರಗಿದ ಮೇಲೆಯೇ ಸಾಲ್ವರ್ ತೆರೆಸಿದ್ದು, ಅದೂ ಕೊನೆಯ ಎಲೆಯ ಸನ್ನಿವೇಶಗಳಿಗೆ ಮಾತ್ರ. ಮೊದಲು ತನ್ನ ಊಹೆಯನ್ನು ಕಾಗದದ ಮೇಲೆ ಬರೆಯಬೇಕು, ಆಮೇಲೆ ಗುಂಡಿ ಒತ್ತಬೇಕು. ಇದೊಂದು ನಿಯಮಕ್ಕೆ ನಾನು ರಿಯಾಯಿತಿ ಕೊಟ್ಟಿಲ್ಲ. ಉತ್ತರ ಮೊದಲೇ ಕಂಡರೆ ಎಲ್ಲವೂ ತನಗೆ ಗೊತ್ತಿದ್ದದ್ದೇ ಅನ್ನಿಸಿಬಿಡುತ್ತದೆ. ಎರಡನೇ ಸುತ್ತಿನಲ್ಲಿ ನೋಡ್ ಲಾಕ್: ಎದುರಾಳಿ ಯಾವ ಜೋಡಿಯನ್ನೂ ಬಿಡುವುದಿಲ್ಲ ಅಂತ ಬೀಗ ಹಾಕಿ ಮತ್ತೆ ಓಡಿಸುವುದು. ಬ್ಲಫ್ ಅಷ್ಟೂ ಮಾಯವಾಗಿ, ಮೊದಲು ಚೆಕ್ ಮಾಡುತ್ತಿದ್ದ ಸಾಧಾರಣ ಜೋಡಿಗಳೂ ಬೆಟ್ ಕಟ್ಟಲು ಶುರು ಮಾಡುತ್ತವೆ. ಹೊಸಬನಿಗೆ ಸಾಲ್ವರಿನಿಂದ ಸಿಗುವ ಅತಿ ದೊಡ್ಡ ಲಾಭ ಇದೇ ಅನ್ನುವುದು ನನ್ನ ಅಭಿಪ್ರಾಯ. ಒಪ್ಪದವರು ಬೇಕಾದಷ್ಟಿದ್ದಾರೆ.

ಹಣದ ಮಾತು ಇಲ್ಲಿ ಬರಲಿಲ್ಲ, ಬೇಕಂತಲೇ. ದೇಶದಲ್ಲಿ ಆನ್‌ಲೈನ್ ಹಣದಾಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ನಮ್ಮದು ಬೀಜದ ಆಟ, ದೀಪಾವಳಿಗೂ ಬೀಜವೇ.

ಇನ್ನೊಂದು ತೊಡಕಿದೆ. ನಮ್ಮ ಮನೆಯಲ್ಲಿ ಐದು ಜನ ಕೂತರೆ ನಾಲ್ಕು ಜನ ಫ್ಲಾಪ್ (ಮೇಜಿನ ಮೇಲೆ ಬೀಳುವ ಮೊದಲ ಮೂರು ಎಲೆ) ನೋಡಿಯೇ ನೋಡುತ್ತಾರೆ. ಪೈಯೋಸಾಲ್ವರ್ ಲೆಕ್ಕ ಹಾಕುವುದು ಇಬ್ಬರ ನಡುವಿನ ಆಟವನ್ನು. ಇಬ್ಬರೇ ಇದ್ದಾಗ ಸಮತೋಲದ ಆಟ ದೀರ್ಘಕಾಲದಲ್ಲಿ ಸೋಲಿಸುವುದಿಲ್ಲ ಅನ್ನುವ ಗಣಿತದ ಭರವಸೆ ಇದೆ, ಮೂರನೆಯವನು ಬಂದರೆ ಅದು ಇಲ್ಲ. 2019ರಲ್ಲಿ ಪ್ಲುರಿಬಸ್ ಎಂಬ ಪ್ರೋಗ್ರಾಂ ಆರು ಜನರ ಆಟದಲ್ಲಿ ವೃತ್ತಿಪರರನ್ನು ಸೋಲಿಸಿತು, ನಿಜ, ಆದರೆ ಆ ಭರವಸೆಯಿಂದಲ್ಲ. ಹಾಗಾಗಿ ನಾಲ್ಕು ಜನರ ಪಾಟ್‌ನಲ್ಲಿ ಅವನಿಗೆ ನಾನು ಹೇಳಿಕೊಟ್ಟದ್ದು ಕೈಲೆಕ್ಕವನ್ನೇ: ನಾಲ್ಕು ಎಲೆ ಕೂಡಿ, ಅದೇ ಜಾತಿಯ ಒಂಬತ್ತು ಎಲೆ ಬಾಕಿಯಿರುವ ಫ್ಲಶ್ ಮುಂದಿನ ಎಲೆಗೆ ಪೂರ್ತಿಯಾಗುವುದು ಐದರಲ್ಲಿ ಒಂದು ಸಲಕ್ಕಿಂತ ಸ್ವಲ್ಪ ಕಡಿಮೆ, ಬ್ಲಫ್ ಆದಷ್ಟೂ ಬೇಡ.

ಈಗ ಫ್ಲಾಪ್‌ನಿಂದಲೇ ಬಿಡಿಸಬೇಕು ಅಂತ ಹಟ ಹಿಡಿದಿದ್ದಾನೆ. ನಾಲ್ಕೈದು ಬಗೆಯ ಬೆಟ್ ಕೊಟ್ಟರೆ ಅವನ 8 ಜಿಬಿ ಲ್ಯಾಪ್‌ಟಾಪ್ ಅಲ್ಲೇ ಕೂತುಬಿಡುತ್ತದೆ. ಹೊಸದು ಕೊಡಿಸಿ ಅಂತ ಅಕ್ಕನಿಗೆ ಶಿಫಾರಸು ಮಾಡಬೇಕಂತೆ, ನಾನಿನ್ನೂ ಮಾಡಿಲ್ಲ.