ಒಂದೇ ಹೆಸರಿನ ಎರಡು ಸ್ನೂಸ್ ಡಬ್ಬಿಗಳನ್ನು ಹೋಲಿಸುವ ಕ್ರಮ

ಕಳೆದ ಯುಗಾದಿಗೆ ದಾವಣಗೆರೆಯ ನಮ್ಮ ಮನೆಗೆ ಗೋಥೆನ್‌ಬರ್ಗ್‌ನಿಂದ ಅಕ್ಕನ ಮಗನೂ ಷಿಕಾಗೊದಿಂದ ತಮ್ಮನ ಮಗನೂ ಬಂದಿದ್ದರು. ಇಬ್ಬರ ಬಳಿಯೂ ‘ಜನರಲ್’ ಎಂಬ ಒಂದೇ ಹೆಸರಿನ ಸ್ನೂಸ್ ಡಬ್ಬಿ ಇತ್ತು. ಒಂದನ್ನು ಸ್ವೀಡನ್ನಿನ ಅಂಗಡಿಯಲ್ಲಿ ಕೊಂಡಿದ್ದರೆ, ಇನ್ನೊಂದು ಅಲ್ಲಿಂದಲೇ ಅಮೆರಿಕಕ್ಕೆ ಆಮದಾಗಿ ಮಾರಾಟವಾದದ್ದು. “ಮಾವ, ಎರಡರಲ್ಲಿ ಯಾವುದು ಜೋರು?” ಎಂದು ಅಕ್ಕನ ಮಗ ಕೇಳಿದ. ರಸಾಯನಶಾಸ್ತ್ರ ಪಾಠ ಹೇಳಿ ನಿವೃತ್ತನಾದ ನಾನು ಯಾವುದನ್ನೂ ಬಾಯಿಗೆ ಹಾಕದೆ ಉತ್ತರ ಹುಡುಕಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಸ್ನೂಸ್ ಎಂದರೆ ಮೂಗಿಗೇರಿಸುವ ನಶ್ಯವಲ್ಲ. ಪುಡಿಮಾಡಿದ ಹೊಗೆಸೊಪ್ಪಿಗೆ ನೀರು ಮತ್ತು ಉಪ್ಪು ಬೆರೆಸಿ, ಬಿಸಿಯಲ್ಲಿ ಹದಗೊಳಿಸಿ, ಮೇಲ್ದುಟಿಯ ಒಳಗೆ ಇಟ್ಟುಕೊಳ್ಳಲು ತಯಾರಿಸುವ ಒದ್ದೆ ತಂಬಾಕು ಅದು. ಬಿಡಿಯಾಗಿಯೂ ಸಿಗುತ್ತದೆ, ಪುಟ್ಟ ಚೀಲಗಳಲ್ಲಿಯೂ ಸಿಗುತ್ತದೆ. ಯುರೋಪಿನ ಒಕ್ಕೂಟ 1992ರಲ್ಲಿ ಇದರ ಮಾರಾಟವನ್ನು ನಿಷೇಧಿಸಿತು. 1995ರಲ್ಲಿ ಒಕ್ಕೂಟವನ್ನು ಸೇರಿದ ಸ್ವೀಡನ್ ತನ್ನ ಮಟ್ಟಿಗೆ ವಿನಾಯಿತಿ ಪಡೆದುಕೊಂಡಿತು.

ಮೊದಲು ನೋಡಬೇಕಾದದ್ದು ಎರಡೂ ಒಂದೇ ಬಗೆಯವೇ ಎಂಬುದನ್ನು. ಒಂದೇ ಹೆಸರಿನಲ್ಲಿ ದೊಡ್ಡ ಚೀಲ, ಮಿನಿ ಚೀಲ, ಒದ್ದೆ ಮೈಯ ‘ಒರಿಜಿನಲ್’, ಹೊರಮೈ ಒಣಗಿರುವ ‘ವೈಟ್’ ಎಂದು ಹಲವು ಬಗೆಗಳಿರುವುದರಿಂದ, ಒರಿಜಿನಲ್ ಅನ್ನು ವೈಟ್ ಜೊತೆ ಇಟ್ಟು ದೇಶಗಳ ವ್ಯತ್ಯಾಸ ಕಂಡೆವೆಂದುಕೊಂಡರೆ ಲೆಕ್ಕ ಮೊದಲ ಹೆಜ್ಜೆಯಲ್ಲೇ ತಪ್ಪುತ್ತದೆ. ಆ ಮೇಲೆ ಒಟ್ಟು ತೂಕವನ್ನು ಚೀಲಗಳ ಸಂಖ್ಯೆಯಿಂದ ಭಾಗಿಸಬೇಕು. 24 ಗ್ರಾಂ ಡಬ್ಬಿಯಲ್ಲಿ 24 ಚೀಲಗಳಿದ್ದರೆ ಒಂದಕ್ಕೆ 1 ಗ್ರಾಂ. ಸ್ವೀಡನ್ನಿನ ಡಬ್ಬಿಗಳ ಮೇಲೆ ಸಾಮಾನ್ಯವಾಗಿ ನಿಕೋಟಿನ್ ಪ್ರಮಾಣವನ್ನು ಒಂದು ಗ್ರಾಂಗೆ ಇಷ್ಟು ಮಿಲಿಗ್ರಾಂ ಎಂದು ಕೊಟ್ಟಿರುತ್ತಾರೆ. ಗ್ರಾಂಗೆ 8 ಮಿಲಿಗ್ರಾಂ ಇದ್ದರೆ 1 ಗ್ರಾಂ ಚೀಲದಲ್ಲಿ 8 ಮಿಲಿಗ್ರಾಂ, ಅರ್ಧ ಗ್ರಾಂ ಮಿನಿ ಚೀಲದಲ್ಲಿ 4 ಮಿಲಿಗ್ರಾಂ. ಇನ್ನೊಂದು ಡಬ್ಬಿಯ ಮೇಲೆ ಈ ಅಂಕಿ ಇಲ್ಲದಿದ್ದರೆ ಊಹಿಸಿ ತುಂಬಿಸಬಾರದು. ಹೋಲಿಕೆಯ ಪಟ್ಟಿಯಲ್ಲಿ ಆ ಕಾಲಮನ್ನು ಖಾಲಿ ಬಿಡುವುದೇ ಸರಿ.

ಆದರೆ ‘ಜೋರು’ ಎಂಬುದು ಈ ಒಂದು ಅಂಕಿಯಿಂದ ತೀರ್ಮಾನವಾಗುವುದಿಲ್ಲ. ಹೊಗೆಸೊಪ್ಪನ್ನು ಅಂಗೈಯಲ್ಲಿಟ್ಟು ಸುಣ್ಣ ಹಚ್ಚಿ ತಿಕ್ಕುವುದನ್ನು ನಮ್ಮ ಸೀಮೆಯವರೆಲ್ಲ ನೋಡಿದ್ದಾರೆ. ಸುಣ್ಣ ಅಲ್ಲಿ ಮಾಡುವ ಕೆಲಸವನ್ನೇ ಸ್ನೂಸ್‌ನಲ್ಲಿ ಸೋಡಿಯಂ ಕಾರ್ಬೊನೇಟ್ ಮಾಡುತ್ತದೆ. ಕ್ಷಾರ ಹೆಚ್ಚಿದಂತೆ ನಿಕೋಟಿನ್ ತನ್ನ ಲವಣರೂಪವನ್ನು ಬಿಟ್ಟು ಬಾಯಿಯ ಒಳಪದರವನ್ನು ಸುಲಭವಾಗಿ ದಾಟುವ ರೂಪಕ್ಕೆ ಬರುತ್ತದೆ. ಕ್ಷಾರ ಹೆಚ್ಚಿದಂತೆ ಏರುವ ಅಳತೆಯಾದ ಪಿಎಚ್ 7 ಇದ್ದಾಗ ನಿಕೋಟಿನ್ನಿನ ಹತ್ತರಲ್ಲೊಂದು ಪಾಲಿಗಿಂತ ತುಸು ಕಡಿಮೆ ಹೀಗೆ ಬಿಡುಗಡೆಯಾಗಿದ್ದರೆ, 8ಕ್ಕೆ ಬಂದಾಗ ಸುಮಾರು ಅರ್ಧ ಪಾಲು, 8.5ಕ್ಕೆ ಮುಕ್ಕಾಲು ಪಾಲು ಬಿಡುಗಡೆಯಾಗಿರುತ್ತದೆ. ಆದ್ದರಿಂದ ಗ್ರಾಂಗೆ ಒಂದೇ ಪ್ರಮಾಣದ ನಿಕೋಟಿನ್ ಇರುವ ಎರಡು ಡಬ್ಬಿಗಳು ಬಾಯಿಯಲ್ಲಿ ಬೇರೆ ಬೇರೆ ಬಲ ತೋರಬಹುದು. ಇದನ್ನು ಅಳೆಯಲು, ಕೈಗವಸು ಹಾಕಿಕೊಂಡು, ಪ್ರತಿ ಡಬ್ಬಿಯಿಂದ 1 ಗ್ರಾಂ ತೆಗೆದು 10 ಮಿಲಿಲೀಟರ್ ಡಿಸ್ಟಿಲ್ಡ್ ನೀರಿನಲ್ಲಿ ಕಲಕಿ, ಸ್ವಲ್ಪ ಹೊತ್ತು ಬಿಟ್ಟು, ತಿಳಿನೀರಿಗೆ ಪಿಎಚ್ ಕಾಗದ ಅದ್ದಿ ನೋಡಬೇಕು. ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಸೇರುವುದರಿಂದ ಕೈಗವಸನ್ನು ಬಿಡಲೇಬಾರದು.

ತೇವವನ್ನು ಅಳೆಯಲು ಅಕ್ಕಸಾಲಿಗರ ತಕ್ಕಡಿ ಸಾಕು. ಐದೈದು ಚೀಲಗಳನ್ನು ತೂಗಿ, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ ಮತ್ತೆ ತೂಗಿದರೆ ಇಳಿದದ್ದು ಬಹುಪಾಲು ನೀರೇ; ಸ್ವೀಡಿಷ್ ಸ್ನೂಸ್‌ನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರಿರುತ್ತದೆ. ಇಲ್ಲಿ ನಾನೊಂದು ತಪ್ಪು ಮಾಡಿದೆ. ಷಿಕಾಗೊದ ಡಬ್ಬಿ ಒಣಗಿದಂತಿದ್ದುದನ್ನು ಕಂಡು ಆಮದು ಮಾಲು ಒಣಕಲೆಂದು ಬರೆದಿಟ್ಟುಕೊಂಡೆ. ಆ ಡಬ್ಬಿ ನಾಲ್ಕು ದಿನ ನಮ್ಮ ಕಾರಿನಲ್ಲೇ, ದಾವಣಗೆರೆಯ ಬೇಸಿಗೆಯ ಬಿಸಿಲಿನಲ್ಲೇ ಉಳಿದಿತ್ತೆಂದು ಆಮೇಲೆ ತಿಳಿಯಿತು. ಸ್ನೂಸ್ ತಣ್ಣಗೆ ಇಡಬೇಕಾದ ಮಾಲು. ತಯಾರಾದ ದಿನ, ಬಳಕೆಯ ಕೊನೆಯ ದಿನ, ನಡುವೆ ಅದು ಕಂಡ ಬಿಸಿ, ಈ ಮೂರೂ ಹೊಂದುವ ಡಬ್ಬಿಗಳನ್ನಷ್ಟೇ ಹೋಲಿಸಬೇಕು.

ಎಚ್ಚರಿಕೆಯ ಬರಹಗಳು ಬೇರೆಯಾಗಿರುವುದು ಕಾನೂನಿನ ಕಾರಣದಿಂದ. ಒಳಗಿನ ಮಾಲಿನ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ. ಇನ್ನೊಂದು ಸಂಗತಿಯನ್ನು ಮಾತ್ರ ನಿಧಾನವಾಗಿ ಓದಬೇಕು. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2015ರಲ್ಲಿ ಎಂಟು ಜನರಲ್ ಸ್ನೂಸ್ ಉತ್ಪನ್ನಗಳ ಮಾರಾಟಕ್ಕೆ ಅನುಮತಿ ನೀಡಿ, 2019ರಲ್ಲಿ ಅವನ್ನು ಸಿಗರೇಟಿನ ಬದಲಿಗೆ ಬಳಸಿದರೆ ಬಾಯಿ ಕ್ಯಾನ್ಸರ್, ಹೃದ್ರೋಗ ಮೊದಲಾದವುಗಳ ಅಪಾಯ ಕಡಿಮೆ ಎಂದು ಹೇಳಿಕೊಳ್ಳಲು ಒಪ್ಪಿತು. ಆ ಮಾತಿನ ಇನ್ನೊಂದು ತುದಿಯಲ್ಲಿರುವುದು ಸಿಗರೇಟು. ಚನ್ನಗಿರಿ, ಭೀಮಸಮುದ್ರದ ಅಡಿಕೆಯ ನಡುವೆ ಬೆಳೆದ ನಮ್ಮಲ್ಲಿ ಎಷ್ಟೋ ಮಂದಿ ಸಿಗರೇಟನ್ನೇ ಮುಟ್ಟಿದವರಲ್ಲ. ಏನನ್ನೂ ಬಳಸದ ಹುಡುಗನಿಗೆ ಆ ಹೇಳಿಕೆಯಿಂದ ಯಾವ ರಕ್ಷಣೆಯೂ ಇಲ್ಲ, ಅವನಿಗೆ ಅದು ಹೊಸದಾಗಿ ಅಂಟಿಕೊಳ್ಳುವ ಚಟ ಮಾತ್ರ. ಇದನ್ನು ಇಬ್ಬರು ಮಕ್ಕಳಿಗೂ ನಾನು ನೇರವಾಗಿಯೇ ಹೇಳಿದ್ದೇನೆ.

ಇಂಥ ಡಬ್ಬಿ ನಮ್ಮೂರಿನ ಅಂಗಡಿಯಲ್ಲಿ ಕಂಡರೆ, ಭಾರತದ ಕಾನೂನು ಕೇಳುವ ಚಿತ್ರಸಹಿತ ಎಚ್ಚರಿಕೆ ಅದರ ಮೇಲಿದೆಯೇ ನೋಡಿ. ಆಮದಾದ ತಂಬಾಕಿಗೂ 2003ರ ಕಾಯಿದೆ ಅನ್ವಯಿಸುತ್ತದೆ. ಎಚ್ಚರಿಕೆಯಿಲ್ಲದ ಡಬ್ಬಿ ಯಾವ ದಾರಿಯಲ್ಲಿ, ಎಷ್ಟು ಬಿಸಿಯಲ್ಲಿ ಬಂತೆಂದು ತಿಳಿಯುವಂತಿಲ್ಲವಾದ್ದರಿಂದ ಅದನ್ನು ಹೋಲಿಕೆಯಿಂದಲೇ ಕೈಬಿಡಬೇಕು.

ಪರೀಕ್ಷೆ ಮುಗಿದ ಮೇಲೆ ಚೀಲಗಳನ್ನು ಕಾಗದದಲ್ಲಿ ಸುತ್ತಿ, ಮಕ್ಕಳ ಕೈಗೆ ಎಟುಕದಂತೆ ವಿಲೇವಾರಿ ಮಾಡಿ. ಸಣ್ಣ ಮಗು ಒಂದನ್ನು ನುಂಗಿದರೂ ವಿಷವಾಗಬಹುದು. ಬಿಡಬೇಕೆನ್ನುವವರಿಗೆ 1800-11-2356 ಸರ್ಕಾರದ ಉಚಿತ ಸಹಾಯವಾಣಿ. ಈಗಾಗಲೇ ಬಳಸುತ್ತಿರುವವರು ಹಲ್ಲಿನ ವೈದ್ಯರ ಬಳಿಗೆ ಹೋದಾಗ ಮೇಲ್ದುಟಿಯನ್ನು ಎತ್ತಿ ನೋಡುವಂತೆ ತಾವಾಗಿಯೇ ಕೇಳಬೇಕು. ನಮ್ಮಲ್ಲಿ ಎಲೆ ಅಡಿಕೆ ಹೊಗೆಸೊಪ್ಪನ್ನು ಕೆನ್ನೆಯ ಸಂದಿಯಲ್ಲಿ ಒತ್ತಿಡುವುದು ರೂಢಿಯಾದ್ದರಿಂದ ವೈದ್ಯರ ಕಣ್ಣು ಮೊದಲು ಅಲ್ಲಿಗೆ ಹೋಗುತ್ತದೆ. ಸ್ನೂಸ್‌ನಿಂದ ಬಿಳಿಚಿ ಸುಕ್ಕುಗಟ್ಟಿದ ಪದರ ಮತ್ತು ಜಾರಿದ ಒಸಡು ಕಾಣುವುದು ಮೇಲ್ದುಟಿಯ ಹಿಂದೆ.