ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಜಗಳವಾಗದಂತೆ ಲೆಕ್ಕ ಕೇಳುವುದು ಹೇಗೆ?

ಮೇಂಟೆನೆನ್ಸ್ ಈ ತಿಂಗಳು ಐನೂರು ರೂಪಾಯಿ ಜಾಸ್ತಿ ಬಂದಿದೆ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ‘ನಮ್ಮ ದುಡ್ಡೆಲ್ಲ ಎಲ್ಲಿ ಹೋಗ್ತಿದೆ?’ ಅಂತ ಹಾಕಿದರೆ ಏನಾಗುತ್ತದೆ ಗೊತ್ತಲ್ವಾ? ಟ್ರೆಷರರ್‌ಗೆ ಅದು ‘ಕಳ್ಳ’ ಎಂದ ಹಾಗೆ ಕೇಳಿಸುತ್ತದೆ. ರಾತ್ರಿ ಹತ್ತರ ಹೊತ್ತಿಗೆ ಪಾರ್ಕಿಂಗ್, ನಾಯಿ, ಹೋದ ವರ್ಷದ ಗಣೇಶನ ಚಂದಾ ಎಲ್ಲ ಎದ್ದು ಬರುತ್ತವೆ. ಬಿಲ್ ಏರಿದ್ದು ಯಾಕೆ ಅನ್ನೋದು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ.

ಮೊದಲು ಬಿಲ್ ಓದಿ

ಹೋದ ತಿಂಗಳದ್ದನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಕೆಲವು ಏರಿಕೆಗೆ ಕಾರಣ ಅಲ್ಲೇ ಇರುತ್ತದೆ. ಉದಾಹರಣೆಗೆ, ಮೇಂಟೆನೆನ್ಸ್ ತಿಂಗಳಿಗೆ 7,500 ರೂ. ದಾಟಿ, ಸಂಘದ ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರಿದರೆ ಶೇ 18ರಷ್ಟು ಜಿಎಸ್‌ಟಿ ಸೇರಿಕೊಳ್ಳುತ್ತದೆ. ಅದು ಕಮಿಟಿ ಹಾಕಿದ್ದಲ್ಲ.

ಉತ್ತರ ಕೊಡಲು ಆಗುವಂಥದ್ದನ್ನು ಕೇಳಿ

ತಿಂಗಳು, ಬಾಬ್ತು, ಮೊತ್ತ ಮೂರೂ ಇರಲಿ. ಹೀಗೆ ಬರೆಯಬಹುದು:

‘ಸರ್, ಮಾರ್ಚ್‌ನಲ್ಲಿ ಟ್ಯಾಂಕರ್ ನೀರಿಗೆ 62,000 ಅಂತಿದೆ. ಫೆಬ್ರವರಿಯಲ್ಲಿ 38,000 ಇತ್ತು. ಎಷ್ಟು ಲೋಡ್ ಬಂತು, ಒಂದಕ್ಕೆ ಎಷ್ಟು ಕೊಟ್ಟಿದ್ದೀವಿ? ಬಿಲ್ ಗ್ರೂಪಿಗೆ ಹಾಕ್ತೀರಾ?’

ಇದರಲ್ಲಿ ಯಾರ ಮೇಲೂ ಅನುಮಾನವಿಲ್ಲ, ಆದರೆ ನುಣುಚಿಕೊಳ್ಳಲು ಜಾಗವೂ ಇಲ್ಲ. ಹೋಲಿಸಲು ಒಂದು ದರ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್ ದರ ನಿಗದಿ ಮಾಡಿತ್ತು. 5 ಕಿ.ಮೀ. ಒಳಗಾದರೆ 12,000 ಲೀಟರಿಗೆ 1,000 ರೂ. ಅಂಥ ಅಂಕಿ ಗೊತ್ತಿದ್ದವರು ದನಿ ಏರಿಸಬೇಕಾಗಿಲ್ಲ. ‘ಬೇಜಾರು ಮಾಡ್ಕೋಬೇಡಿ, ತಪ್ಪು ತಿಳ್ಕೋಬೇಡಿ’ ಅಂತ ನಾಲ್ಕು ಸಾಲು ಪೀಠಿಕೆಯೂ ಬೇಡ. ಅದನ್ನು ಓದಿದ ಕೂಡಲೇ ಎದುರಿನವರು ಬೇಜಾರಿಗೆ ಸಿದ್ಧರಾಗುತ್ತಾರೆ.

‘ಇದನ್ನೆಲ್ಲ ಪರ್ಸನಲ್ ಆಗಿ ಕೇಳಬೇಕು’ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಎಲ್ಲರ ದುಡ್ಡಿನ ಪ್ರಶ್ನೆ ಎಲ್ಲರ ಮುಂದೆಯೇ ಇರಲಿ. ನಿಮ್ಮ ಫ್ಲ್ಯಾಟಿನ ಬಾಕಿ, ಯಾರದೋ ನಡತೆ, ಇಂಥದ್ದು ಮಾತ್ರ ಖಾಸಗಿಯಾಗಿ.

ಕಳಿಸುವಾಗ

ಹಗಲು ಹೊತ್ತಲ್ಲಿ ಕಳಿಸಿ. ವಾಯ್ಸ್ ನೋಟ್ ಬೇಡ, ಅದರಲ್ಲಿ ಅಂಕಿ ಹುಡುಕೋದು ಕಷ್ಟ. ಕಳಿಸಿದ್ದನ್ನು ತಿದ್ದಲು 15 ನಿಮಿಷ ಸಿಗುತ್ತದೆ. ಆದರೆ ಸ್ಕ್ರೀನ್‌ಶಾಟಿಗೆ ಅಷ್ಟೂ ಹೊತ್ತು ಬೇಕಿಲ್ಲ.

ಗುಂಪು ಕಟ್ಟಿಕೊಂಡರೆ

ನಿಜವಾದ ಪರೀಕ್ಷೆ ಇಲ್ಲಿದೆ. ನಿಮ್ಮ ಪ್ರಶ್ನೆಯ ಹಿಂದೆಯೇ ಇನ್ನೊಬ್ಬರು ‘ಕಮಿಟಿಯವರೆಲ್ಲ ತಿಂದು ತೇಗಿದ್ದಾರೆ’ ಅಂತ ಹಾಕುತ್ತಾರೆ. ಹತ್ತು ಥಮ್ಸ್ ಅಪ್ ಬೀಳುತ್ತವೆ. ನಿಮಗೂ ಒಳಗೊಳಗೇ ಖುಷಿಯಾಗಬಹುದು. ಆಗ ಸುಮ್ನೆ ಇರಬೇಡಿ. ‘ನಾನು ಕೇಳಿದ್ದು ಟ್ಯಾಂಕರ್ ಬಿಲ್ ಮಾತ್ರ’ ಅಂತ ಮೊದಲ ಮೆಸೇಜಿಗೇ ರಿಪ್ಲೈ ಮಾಡಿ ಹಾಕಿ. ಕೇಳಿದವರೇ ಇಷ್ಟು ಹೇಳಿದರೆ ಟ್ರೆಷರರ್‌ಗೂ ಉತ್ತರ ಕೊಡುವ ಮನಸ್ಸು ಬರುತ್ತದೆ. ಹೆಚ್ಚಿನ ಕಡೆ ಅವರು ಸಂಬಳವಿಲ್ಲದೆ, ಆಫೀಸು ಮುಗಿಸಿ ಬಂದು ಈ ಕೆಲಸ ಮಾಡುವವರು. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹವಾಗಿ ಬರೆದರೆ ಶಿಕ್ಷೆ ಅನ್ನುತ್ತಿದ್ದ ಐಟಿ ಕಾಯ್ದೆಯ 66ಎ ಕಲಂ ಅನ್ನು 2015ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದ ಮೇಲೆ ಗ್ರೂಪಿನಲ್ಲಿ ಏನು ಬೇಕಾದರೂ ಬರೆಯಬಹುದು ಅಂದುಕೊಂಡವರಿಗೆ ಇನ್ನೊಂದು ಮಾತು: ಮಾನಹಾನಿ ಈಗಲೂ ಅಪರಾಧವೇ, ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಲ್ಲಿದೆ.

ಕಮಿಟಿಯವರಿಗೂ ಒಂದು ಮಾತು. ‘ಶನಿವಾರ ಬಿಲ್ ಹಾಕ್ತೀನಿ’ ಅಂದರೂ ಸಾಕು. ಪ್ರಶ್ನೆ ಬಂದ ಕೂಡಲೇ ‘ಅಡ್ಮಿನ್ ಮಾತ್ರ’ ಅಂತ ಬೀಗ ಹಾಕಿದರೆ ಇಲ್ಲದ ಅನುಮಾನವೂ ಹುಟ್ಟುತ್ತದೆ.

ಉತ್ತರ ಬರದಿದ್ದರೆ

ವಾರ ಬಿಟ್ಟು ಒಮ್ಮೆ ನೆನಪಿಸಿ. ಆಮೇಲೂ ಮೌನವಾದರೆ ಗ್ರೂಪಿನಲ್ಲಿ ಕೇಳುವುದು ಬಿಟ್ಟು ಕಾರ್ಯದರ್ಶಿಗೆ ಇಮೇಲ್ ಹಾಕಿ. ಸಂಘವು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದ್ದರೆ ವರ್ಷಕ್ಕೊಮ್ಮೆ ಸಾಮಾನ್ಯ ಸಭೆ ಕರೆಯಲೇಬೇಕು. ಅದೇ ಪ್ರಶ್ನೆಯನ್ನು, ಅದೇ ಅಂಕಿಗಳ ಜೊತೆ, ಆ ಸಭೆಯ ವಿಷಯಪಟ್ಟಿಗೆ ಸೇರಿಸಲು ಬರವಣಿಗೆಯಲ್ಲಿ ಕೇಳಿ.